ನೂರ ನಲವತ್ತಮೂರು ಅಂಕಪಟ್ಟಿಗಳು

2006ರ ಜುಲೈ 3, ಸೋಮವಾರ, ಬೆಳಿಗ್ಗೆ 10.40. ಪಶ್ಚಿಮ ದೆಹಲಿಯ ಜನಕಪುರಿ ಠಾಣೆಗೆ ದಿಲೀಪ್ ಟುಟೇಜಾ ಎಂಬಾತ ಕಾರಿನಲ್ಲಿ ಬಂದಿಳಿದ. ವಯಸ್ಸು ನಲವತ್ತಾರು. ಎರಡು ವರ್ಷದ ಡಿಪ್ಲೊಮಾ ಕೊಡುವ ಸ್ವರ್ಣಪಥ್ ಟೆಕ್ನಿಕಲ್ ಕಾಲೇಜಿನ ನಿರ್ದೇಶಕ. ಕಾಲೇಜು ಎಂದರೆ ಮಾರ್ಕೆಟ್ಟಿನ ಹಿಂದಿನ ಕಟ್ಟಡದ ಎರಡು ಮಹಡಿ, ನಾಲ್ಕು ಲೇತ್ ಯಂತ್ರ, ಮೂವತ್ತು ಕಂಪ್ಯೂಟರು, ಮತ್ತೆ ರಸ್ತೆಯ ಆ ತುದಿಯಿಂದಲೇ ಕಾಣುವಂಥ ಒಂದು ಬೋರ್ಡು. ಆತ ಠಾಣೆಯ ಬೆಂಚಿನ ಮೇಲೆ ಕರವಸ್ತ್ರ ಹಾಸಿಕೊಂಡು ಕೂತ.

ಕಚೇರಿಯ ಉಕ್ಕಿನ ಅಲ್ಮೇರಾದಲ್ಲಿದ್ದ 143 ವಿದ್ಯಾರ್ಥಿಗಳ ಮೂಲ ಅಂಕಪಟ್ಟಿಗಳು ಕಳವಾಗಿವೆ. ಶನಿವಾರ ಸಂಜೆ ಇದ್ದವು, ಇವತ್ತು ಇಲ್ಲ. ಇದು ದೂರು. ಬರೆದುಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ಇಂದುಶೇಖರ ಪೆನ್ನು ನಿಲ್ಲಿಸಿದ.

“ಹುಡುಗರ ಹತ್ತನೇ ಕ್ಲಾಸು, ಹನ್ನೆರಡನೇ ಕ್ಲಾಸಿನ ಒರಿಜಿನಲ್ ನಿಮ್ಮ ಅಲ್ಮೇರಾದಲ್ಲಿ ಯಾಕಿತ್ತು?”

“ಸೇಫ್ ಕಸ್ಟಡಿ, ಸಾಬ್.”

“ಕೋರ್ಸ್ ಮುಗಿಸಿದವರದ್ದೂ?”

“ಪ್ಲೇಸ್‌ಮೆಂಟ್ ಫೀ ಬಾಕಿ ಇಟ್ಟವರದ್ದು. ಇಪ್ಪತ್ತೆರಡು ಸಾವಿರ ಕಟ್ಟಲಿ, ಅದೇ ದಿನ ವಾಪಸ್.”

“ಅವರಿಗೆ ಕೆಲಸ ಸಿಕ್ಕಿದೆಯೇ?”

“ತೊಂಬತ್ತಾರು ಪರ್ಸೆಂಟ್!” ಎಂದ ಟುಟೇಜಾ. ಹೇಳುವಾಗ ಎದೆಯೂ ಸ್ವಲ್ಪ ಮುಂದೆ ಬಂತು.

ಐಪಿಸಿ 380ನೇ ಕಲಂ, ಕಟ್ಟಡದೊಳಗಿನ ಕಳ್ಳತನ. ಎಫ್‌ಐಆರ್ 318/06 ದಾಖಲಾಯಿತು. ಟುಟೇಜಾ ಠಾಣೆಯ ಮೆಟ್ಟಿಲು ಇಳಿಯುವ ಮೊದಲೇ ಯಾರೋ ದೊಡ್ಡವರ ಪಿ.ಎ. ಫೋನ್ ಮಾಡಿ, ‘ಬೇಗ ಪತ್ತೆ ಮಾಡಿ’ ಎಂದ. ಹುಡುಗರ ಕಾಗದ ಎರಡು ವರ್ಷ ಅಲ್ಮೇರಾದಲ್ಲಿ ಕೊಳೆಯುತ್ತಿದ್ದಾಗ ಯಾವ ಪಿ.ಎ. ಫೋನ್ ಮಾಡಿದ್ದನೋ ದೇವರೇ ಬಲ್ಲ.

ಮಧ್ಯಾಹ್ನ 12.15ಕ್ಕೆ ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ರಾಮ್‌ಮೆಹರ್ ಅಲ್ಮೇರಾದ ಸುತ್ತ ಎರಡು ಸಲ ತಿರುಗಿದ. ಬೀಗ ಒಡೆದಿಲ್ಲ. ಬಾಗಿಲಿನ ಕೆಳಮೂಲೆಯನ್ನು ಎಳೆದು, ಸಂದಿಯಲ್ಲಿ ಸ್ಟೀಲ್ ಸ್ಕೇಲು ತೂರಿಸಿ, ಒಳಗಿನ ಸರಳನ್ನು ಮೇಲೆತ್ತಲಾಗಿದೆ. ಕೀಲಿಕೈ ಕಳೆದುಹೋದ ಸರ್ಕಾರಿ ಆಫೀಸುಗಳಲ್ಲಿ ಅಲ್ಮೇರಾ ತೆಗೆಯುವುದು ಹೀಗೆಯೇ. ಇಂದುಶೇಖರನ ಅಪ್ಪ ಮೂವತ್ತು ವರ್ಷ ಒಂದು ಸಚಿವಾಲಯದ ಲೆಕ್ಕಪತ್ರ ವಿಭಾಗದಲ್ಲಿದ್ದವರು, ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಬೆಳೆದ ಅವನಿಗೆ ಇದು ಗೊತ್ತಿದ್ದ ವಿದ್ಯೆ.

ಒಳಗೆ ನೋಡಿದರೆ ಇನ್ನೂ ಸೋಜಿಗ. 143 ಕಡತಗಳೂ ಕ್ರಮಸಂಖ್ಯೆಯಂತೆ ನಿಂತಿವೆ. ಪ್ರತಿಯೊಂದಕ್ಕೂ ಟ್ಯಾಗು ಕಟ್ಟಿದೆ. ಅಂಕಪಟ್ಟಿ ಇದ್ದ ಜಾಗದಲ್ಲಿ ಒಂದು ಬಿಳಿ ಚೀಟಿ: ‘ಪುಟ 3 ಮತ್ತು 4 ತೆಗೆಯಲಾಗಿದೆ, 2-7-06’. ನೂರ ನಲವತ್ತಮೂರು ಕಡತ, ನೂರ ನಲವತ್ತಮೂರು ಚೀಟಿ. ಒಂದೇ ದಪ್ಪ ಇಂಗ್ಲಿಷ್ ಅಕ್ಷರ.

“ಇವನೆಂಥ ಕಳ್ಳ ಸಾಬ್?” ಎಂದ ರಾಮ್‌ಮೆಹರ್. “ಕದ್ದು, ಕದ್ದಿದ್ದೀನಿ ಅಂತ ಬರೆದಿಟ್ಟು ಹೋಗಿದ್ದಾನೆ.”

“ಕಡತದಿಂದ ಹಾಳೆ ತೆಗೆದರೆ ಚೀಟಿ ಇಡಬೇಕು. ಅದು ಆಫೀಸಿನ ನಿಯಮ. ಇವನು ಗುಮಾಸ್ತ.”

“ದಿಲ್ಲಿಯಲ್ಲಿ ಎಷ್ಟು ಲಕ್ಷ ಗುಮಾಸ್ತರಿದ್ದಾರೆ ಸಾಬ್?”

ಭಾನುವಾರ ಹನ್ನೊಂದರಿಂದ ನಾಲ್ಕರವರೆಗೆ ಹೊಸ ಪ್ರವೇಶದ ಮೇಳ ನಡೆದಿತ್ತು. ಇನ್ನೂರು ತಂದೆತಾಯಿಗಳು, ಸಮೋಸ, ಚಹಾ, ಮೈಕಿನಲ್ಲಿ ಟುಟೇಜಾನ ಭಾಷಣ. ಕೈಚೀಲ ಹಿಡಿದ ವಯಸ್ಸಾದ ಒಬ್ಬ ಮನುಷ್ಯ ಕಚೇರಿಯೊಳಗೆ ಎಷ್ಟು ಹೊತ್ತು ಇದ್ದರೂ ಕೇಳುವವರಿರಲಿಲ್ಲ. ಕೆಳಗೆ ಇನ್ನೂರು ಜನರ ಜೇಬು ಕತ್ತರಿಸುವ ಗಡಿಬಿಡಿಯಲ್ಲಿ ಸಿಬ್ಬಂದಿಗೆ ಮೇಲಿನ ಅಲ್ಮೇರಾ ನೆನಪಾಗಲಿಲ್ಲ.

ಜುಲೈ 4, ಮಂಗಳವಾರ, ಬೆಳಿಗ್ಗೆ 9.30. ಐವತ್ತರ ಹೆಂಗಸೊಬ್ಬಳು ಮಗನ ತೋಳು ಹಿಡಿದುಕೊಂಡು ನೇರ ಇಂದುಶೇಖರನ ಮೇಜಿನ ಮುಂದೆ ಬಂದು ನಿಂತಳು. ಹೆಸರು ಸೀತಮ್ಮ. ಗಂಡ ತೀರಿಕೊಂಡ ಮೇಲೆ ಅವನ ಆಫೀಸಿನಲ್ಲೇ ಅಟೆಂಡರ್ ಕೆಲಸ ಸಿಕ್ಕವಳು, ಆರ್.ಕೆ.ಪುರಂ ಕ್ವಾರ್ಟರ್ಸಿನ ವಾಸಿ. ಹಿಂದಿಯಲ್ಲಿ ಶುರು ಮಾಡಿದವಳು ಇನ್‌ಸ್ಪೆಕ್ಟರನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ ನಿಲ್ಲಿಸಿದಳು.

“ನೀವು ಕನ್ನಡದವರಾ?”

“ಹೌದಮ್ಮ.”

“ಹಾಗಾದ್ರೆ ಕನ್ನಡದಲ್ಲೇ ಬೈತೀನಿ. ನನ್ನ ಮಗನ ಮಾರ್ಕ್ಸ್‌ಕಾರ್ಡ್ ಎಲ್ಲಿ?”

ಮಗ ಪ್ರಜ್ವಲ್ ಇಪ್ಪತ್ತೊಂದರವನು. ಸಾರ್ವಜನಿಕ ಉದ್ಯಮವೊಂದರ ಟೆಕ್ನೀಶಿಯನ್ ಪರೀಕ್ಷೆ ಪಾಸಾಗಿದ್ದ. ಪರ್ಮನೆಂಟ್ ಕೆಲಸ, ತಿಂಗಳಿಗೆ ಒಂಬತ್ತು ಸಾವಿರದ ಎಂಟುನೂರು. ಜುಲೈ 10, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೂಲ ದಾಖಲೆ ತೋರಿಸಬೇಕು. ಜೆರಾಕ್ಸ್ ನಡೆಯದು. ಪರೀಕ್ಷಾ ಬೋರ್ಡಿನಿಂದ ಎರಡನೇ ಪ್ರತಿ ತರಲು ಎರಡು ತಿಂಗಳು. ತೋರಿಸದಿದ್ದರೆ ಪಟ್ಟಿಯಲ್ಲಿರುವ ಮುಂದಿನವನಿಗೆ ಕೆಲಸ.

“ಈಗ ಏನು ಮಾಡ್ತಿದ್ದೀಯಪ್ಪ?”

“ಸಿಮ್ ಕಾರ್ಡ್ ಬೇಚ್ತಾ ಹೂಂ, ಸರ್. ಬಸ್ ಸ್ಟಾಂಡ್ ಹತ್ರ, ಛತ್ರಿ ಕೆಳಗೆ. ಕಮಿಷನ್.” ಹುಡುಗ ನೆಲ ನೋಡಿಕೊಂಡು ಹೇಳಿದ. “ಅಮ್ಮ, ಚಲೋ ನಾ. ಇವ್ರೇನು ಮಾಡ್ತಾರೆ?”

“ಸುಮ್ನಿರೋ! ಒಂದು ಲಕ್ಷದ ಎಂಬತ್ತು ಸಾವಿರ ಬ್ಯಾಂಕ್ ಸಾಲ ಸಾರ್, ನನ್ನ ಹೆಸರಲ್ಲಿ. ಜಾಮೀನು ಹಾಕಿದವರ ಮುಖ ನೋಡೋಕಾಗಲ್ಲ. ಎರಡು ವರ್ಷ ಓದಿದ್ದಕ್ಕೆ ಛತ್ರಿ. ಅಂಕಪಟ್ಟಿ ಕೊಡಪ್ಪಾ ಅಂತ ಹೋದ್ರೆ ಇಪ್ಪತ್ತೆರಡು ಸಾವಿರ ತಾ ಅಂತಾನೆ, ಕೊಡಿಸದೇ ಇರೋ ಕೆಲಸಕ್ಕೆ! ಯಾರೋ ಭಾನುವಾರ ಕದ್ದರಂತೆ. ಅವರಿಗಿಂತ ಮುಂಚೆ ಕದ್ದಿದ್ದು ಅವನು. ಆಗ ನೀವೆಲ್ಲಿದ್ರಿ?”

ಇಂದುಶೇಖರನಿಗೆ ಸಿಟ್ಟು ಬಂತು, ಆದರೆ ಅವಳ ಮೇಲಲ್ಲ. ಅವಳು ಚೀಲದಿಂದ ಕಾಲೇಜಿನ ಹೊಳಪು ಪುಸ್ತಿಕೆ ತೆಗೆದು ಮೇಜಿನ ಮೇಲೆ ಎಸೆದಳು. ಮುಖಪುಟದಲ್ಲಿ ನಗುವ ಹುಡುಗಿಯ ಫೋಟೋ, ಕೆಳಗೆ: ‘ಧನ್ಯಾ. ಮೊದಲ ಸಂಬಳ ರೂ. 14,500’.

“ಇವಳನ್ನ ನೋಡ್ಕೊಂಡೇ ನಮ್ಮ ಕ್ವಾರ್ಟರ್ಸಿನಿಂದ ಇನ್ನೂ ಐದು ಮಕ್ಕಳು ಸೇರಿದ್ದು. ಪಾಪ, ಈಗ ಫರೀದಾಬಾದಲ್ಲಿ ನಟ್ಟು ಬೋಲ್ಟು ನೋಡ್ಕೊಂಡು ನಿಂತಿದ್ದಾಳೆ.”

ಅವರು ಹೋದ ಮೇಲೆ ರಾಮ್‌ಮೆಹರ್ ಚಹಾ ತಂದಿಟ್ಟ. “ಸಾಬ್, ಕಾಗದ ಸಿಗದಿದ್ದರೆ ಆ ಹುಡುಗ ಕೆಟ್ಟ. ಸಿಕ್ಕರೂ ಕೆಟ್ಟ. ಮುದ್ದೆಮಾಲು ಅಂತ ಠಾಣೆಯ ಮಾಲಖಾನೆಗೆ ಹೋಗುತ್ತೆ, ಕೇಸು ಮುಗಿಯೋವರೆಗೂ ಆಚೆ ಬರಲ್ಲ. ನಾನು ಈ ಠಾಣೆಗೆ ಬಂದಾಗ ಅಲ್ಲಿದ್ದ ಸೈಕಲ್ಲು ಇವತ್ತಿಗೂ ಅಲ್ಲೇ ಇದೆ.”

ಜುಲೈ 5, ಬುಧವಾರ, ಮಧ್ಯಾಹ್ನ 1.10. ಫರೀದಾಬಾದಿನ ಕಾರ್ಖಾನೆಯ ಗೇಟಿನ ಹೊರಗೆ ಧನ್ಯಾಳ ಹೇಳಿಕೆ ಪಡೆಯಲಾಯಿತು. ಫೋಟೋದ ನಗು ಅವಳ ಮುಖದಲ್ಲಿರಲಿಲ್ಲ. ಬೋಲ್ಟಿನ ಅಳತೆ ಪರೀಕ್ಷಿಸಿ ಪರೀಕ್ಷಿಸಿ ಬೆರಳ ತುದಿಗಳು ಕಪ್ಪಾಗಿದ್ದವು.

“ಹದಿನಾಲ್ಕೂವರೆ ಸಾವಿರ ಕೊಟ್ಟವರು ಯಾರು?”

“ಯಾರೂ ಇಲ್ಲ ಸರ್. ಒಂದು ಕಂಪನಿ ಲೆಟರ್ ಕೊಟ್ರು. ಫೋಟೋ ತೆಗೆದ್ರು. ಮೂವತ್ತೊಂದು ದಿನ ಇಟ್ಕೊಂಡ್ರು, ಆಮೇಲೆ ಪ್ರಾಜೆಕ್ಟ್ ಖತಮ್ ಅಂದ್ರು. ಆ ಕಂಪನಿ ಓನರ್ ನಮ್ಮ ಡೈರೆಕ್ಟರ್ ಸಾಹೇಬರ ಸಾಲಾ. ಹೆಂಡತಿ ತಮ್ಮ.”

“ಈಗಿನ ಸಂಬಳ?”

“ಮೂರು ಸಾವಿರದ ನಾನೂರು. ಲೋನಿನ ಕಂತು ಮೂರು ಸಾವಿರದ ಒಂಬೈನೂರು.”

“ಮಿಕ್ಕದ್ದು?”

“ಅಪ್ಪ ಕೊಡ್ತಾರೆ. ಬಸ್ಸಿಗೂ ಅಪ್ಪನೇ.” ಅವಳ ಧ್ವನಿ ಏರಿತು. “ಮೊದಲು ಆ ಫೋಟೋ ತೆಗೆಸಿ ಸರ್, ಪ್ಲೀಸ್. ಬಸ್ಸಲ್ಲಿ ಗುರುತು ಹಿಡೀತಾರೆ. ‘ದೀದಿ, ನೀವು ಹದಿನಾಲ್ಕೂವರೆಯವರಲ್ವಾ’ ಅಂತಾರೆ. ನನಗೂ ಸೋಮವಾರ ವೆರಿಫಿಕೇಶನ್ ಇದೆ, ಪ್ರಜ್ವಲ್ ಜೊತೆಗೇ. ಅದೂ ಹೋಯ್ತು, ಹೈ ನಾ?”

ಹೇಳಿಕೆಯ ಕೆಳಗೆ ತಂದೆಯ ಹೆಸರು ಬರೆಯಬೇಕು. ಏಕನಾಥ, ವಯಸ್ಸು ಐವತ್ತೊಂಬತ್ತು, ಕೇಂದ್ರ ಸರ್ಕಾರಿ ಕಚೇರಿಯೊಂದರ ರವಾನೆ ವಿಭಾಗದ ಗುಮಾಸ್ತ. ಟಪಾಲು ಕಳಿಸುವ ಕೆಲಸ. ಇಂದುಶೇಖರ ‘ರವಾನೆ’ ಎಂಬ ಪದವನ್ನು ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡಿದ.

ಅಷ್ಟರಲ್ಲಿ ರಾಮ್‌ಮೆಹರ್ ಠಾಣೆಯಿಂದ ಅರವತ್ತು ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಪಟ್ಟಿ ಮಾಡಿದ್ದ. ಮೊಬೈಲ್ ರಿಪೇರಿ, ಎರಡು ಸಾವಿರ. ಕೊರಿಯರ್, ಎರಡೂವರೆ. ಗೋಡೌನಿನಲ್ಲಿ ಮೂಟೆ ಲೆಕ್ಕ, ಮೂರು. ಹತ್ತೊಂಬತ್ತು ಜನಕ್ಕೆ ಏನೂ ಇಲ್ಲ. ಹದಿನಾಲ್ಕೂವರೆ ಸಾವಿರದವನು ಒಬ್ಬನೇ ಒಬ್ಬನೂ ಇಲ್ಲ! ಒಬ್ಬ ಹುಡುಗ ಮಾತ್ರ ಫೋನಿನಲ್ಲಿ ಗಟ್ಟಿಯಾಗಿ ನಕ್ಕು, “ಮೇರಾ ತೋ ಮಿಲ್ ಗಯಾ, ಮಾರ್ಕ್ಸ್‌ಕಾರ್ಡ್ ಅಂಚೆಯಲ್ಲಿ ಬಂತು” ಎಂದು ಹೇಳಿ, ಮಾತಾಡುತ್ತಿರುವುದು ಪೊಲೀಸರ ಜೊತೆ ಎಂದು ನೆನಪಾಗಿ ಕಟ್ ಮಾಡಿದ್ದ.

ಸಂಜೆ 5.30ಕ್ಕೆ ಟುಟೇಜಾನನ್ನು ಕರೆಸಲಾಯಿತು.

“ತೊಂಬತ್ತಾರು ಪರ್ಸೆಂಟ್ ಹೇಗೆ ಬಂತು?”

“ಪ್ರತಿ ವರ್ಷ ಫೋನ್ ಸರ್ವೆ ಮಾಡಿಸ್ತೀವಿ ಸಾಬ್.”

“ಎಷ್ಟು ಜನಕ್ಕೆ ಮಾಡಿದಿರಿ?”

“ಇನ್ನೂರು.”

“ಎಷ್ಟು ಜನ ಎತ್ತಿದರು?”

ಟುಟೇಜಾ ಗಡಿಯಾರ ನೋಡಿಕೊಂಡ. “ಇಪ್ಪತ್ತೈದು. ಅದರಲ್ಲಿ ಇಪ್ಪತ್ನಾಲ್ಕು ಜನರ ಹತ್ತಿರ ಲೆಟರ್ ಇತ್ತು.”

“ನಿಮ್ಮ ಬಾಮೈದನ ಲೆಟರ್.”

“ಲೆಟರ್ ಲೆಟರೇ ತಾನೆ ಸಾಬ್? ನಾನು ಬಂದಿರೋದು ಕಳ್ಳತನದ ಕೇಸಿಗೆ. ಕಳ್ಳನನ್ನ ಹಿಡೀರಿ.”

ನಾಚಿಕೆಗೆಟ್ಟವನು! ಫೋನು ಎತ್ತದ ನೂರ ಎಪ್ಪತ್ತೈದು ಮಕ್ಕಳನ್ನು ಒರೆಸಿಹಾಕಿ, ಉಳಿದವರ ತಲೆಯ ಮೇಲೆ ನಿಂತು ಬೋರ್ಡು ಬರೆಸಿದ್ದಾನೆ. ಹೇಳುವಾಗ ನಾಲಿಗೆಯೂ ತಡವರಿಸಲಿಲ್ಲ. ಇಂದುಶೇಖರ ಆ ಮಾತುಗಳನ್ನು ಒಂದಕ್ಷರ ಬಿಡದೆ ಬರೆದು ಸಹಿ ಹಾಕಿಸಿಕೊಂಡ.

ಜುಲೈ 6, ಗುರುವಾರ. ಒಬ್ಬನಿಗೆ ಅಂಚೆಯಲ್ಲಿ ಬಂದಿದ್ದರೆ ಪ್ರಜ್ವಲನಿಗೂ ಬರಬೇಕು. ಅಂಚೆಯವನು ಸೀತಮ್ಮನ ಬ್ಲಾಕಿಗೆ ಬರುವುದು ಹನ್ನೊಂದರ ಸುಮಾರಿಗೆ. ಇಂದುಶೇಖರ ಮಫ್ತಿಯಲ್ಲಿ ಹತ್ತೂವರೆಗೇ ಹೋಗಿ ಕೂತ. ಬೈದವಳೇ ಫಿಲ್ಟರ್ ಕಾಫಿ ಕೊಟ್ಟಳು. 11.20ಕ್ಕೆ ಕೆಳಗಿನಿಂದ ‘ರಜಿಸ್ಟ್ರಿ!’ ಎಂಬ ಕೂಗು.

ಕಂದು ಬಣ್ಣದ ದಪ್ಪ ಲಕೋಟೆ. ನಾಲ್ಕು ಅಂಚಿಗೂ ಅರಗಿನ ಮುದ್ರೆ. ಎಡಮೂಲೆಯಲ್ಲಿ ‘ರವಾನೆ ಸಂಖ್ಯೆ 61/06’. ಬೆನ್ನಿಗೆ ಅಂಟಿದ್ದ ಸ್ವೀಕೃತಿ ಕಾರ್ಡು, ಅಂದರೆ ಪಡೆದವರು ಸಹಿ ಹಾಕಿ ಕಳಿಸಿದವನಿಗೆ ವಾಪಸ್ ಹೋಗಬೇಕಾದ ಹಳದಿ ಕಾರ್ಡು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ಸೆಕ್ಟರು, ಕ್ವಾರ್ಟರ್ ನಂಬರು, ಪಿನ್ ಕೋಡು. ಎಲ್ಲವೂ ಇತ್ತು. ಏಕನಾಥ.

ಸೀತಮ್ಮ ಕಾರ್ಡನ್ನೂ ನೋಡಿದಳು, ಇನ್‌ಸ್ಪೆಕ್ಟರನ ಮುಖವನ್ನೂ ನೋಡಿದಳು. “ಅಯ್ಯೋ, ಇವರಾ!” ಎಂದವಳು ಬಾಯಿ ಮುಚ್ಚಿಕೊಂಡಳು. ಅವಳ ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದ್ದವನು ಅವನೇ.

ಇಂದುಶೇಖರ ಎದ್ದ. “ಲಕೋಟೆಯಲ್ಲಿ ಏನಿದೆ ಅಂತ ನಾನು ನೋಡಿಲ್ಲಮ್ಮ. ನೋಡಿದ್ದರೆ ಜಪ್ತಿ ಮಾಡಬೇಕಾಗುತ್ತೆ. ನಾನು ಮೆಟ್ಟಿಲು ಇಳಿಯೋವರೆಗೂ ಒಡೀಬೇಡಿ.”

“ಅವರನ್ನ ಹಿಡೀತೀರಾ?”

“ಹಿಡೀದೆ ಏನು ಮಾಡಲಿ ಹೇಳಿ?”

ಕೆಳಗಿಳಿಯುವಾಗ ಮೆಟ್ಟಿಲೊಂದನ್ನು ಅವನು ಜೋರಾಗಿಯೇ ತುಳಿದ.

ಜುಲೈ 7, ಶುಕ್ರವಾರ, ಮಧ್ಯಾಹ್ನ 1.20. ಸೆಕ್ಟರಿನ ಅಂಚೆ ಕಚೇರಿ. ಊಟದ ವಿರಾಮದಲ್ಲಿ ಏಕನಾಥ ರಜಿಸ್ಟ್ರಿ ಕಿಟಕಿಯ ಸಾಲಿನಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಬಟ್ಟೆಯ ಚೀಲ. ಇಂದುಶೇಖರ ಪಕ್ಕದಲ್ಲಿ ಹೋಗಿ ಕನ್ನಡದಲ್ಲೇ ತನ್ನ ಪರಿಚಯ ಹೇಳಿದ.

ಏಕನಾಥ ಓಡಲಿಲ್ಲ, ಬೆವರಲಿಲ್ಲ. ಮುಂದಿನ ಸಾಲು ಎಣಿಸಿದ.

“ನನಗಿಂತ ಮುಂದೆ ಮೂರೇ ಜನ ಇದ್ದಾರೆ ಸಾರ್. ಇವತ್ತಿನದು ಕೊನೇ ಕಂತು, ಮೂವತ್ತೊಂದು. ಕಳಿಸಿಬಿಟ್ಟು ಬರ್ತೀನಿ.”

“ಆಗಲ್ಲ.”

“ಹತ್ತು ನಿಮಿಷ.”

“ಆಗಲ್ಲ ಏಕನಾಥರೇ. ಚೀಲ ಕೊಡಿ.”

“ನಾನೆಲ್ಲಿಗೂ ಓಡಿಹೋಗಲ್ಲ. ಇವು ಮಕ್ಕಳ ಒರಿಜಿನಲ್ಸ್ ಸಾರ್!” ಮೊದಲ ಸಲ ಅವನ ಧ್ವನಿ ಒಡೆಯಿತು, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಂದುಶೇಖರ ಚೀಲ ತೆಗೆದುಕೊಂಡ. ಹದಿನಾರು ವರ್ಷದ ಸರ್ವೀಸಿನಲ್ಲಿ ಯಾರ ಕೈಯಿಂದ ಏನನ್ನು ಕಿತ್ತುಕೊಂಡಾಗಲೂ ಅವನಿಗೆ ಅಷ್ಟು ಅಸಹ್ಯವಾಗಿರಲಿಲ್ಲ.

ಸಾಲಿನಲ್ಲಿದ್ದ ಇಬ್ಬರನ್ನೇ ಪಂಚರಾಗಿ ಕರೆದು ಜಪ್ತಿ ಪಂಚನಾಮೆ ಬರೆಯಲಾಯಿತು. ಮುದ್ರೆ ಹಾಕಿದ ಲಕೋಟೆ, ಮೂವತ್ತೊಂದು. ಹಸಿರು ಬಟ್ಟೆ ಹೊದಿಸಿದ ರವಾನೆ ವಹಿ, ಒಂದು. ವಹಿಯಲ್ಲಿ 143 ಸಾಲುಗಳು: ಸಂಖ್ಯೆ, ಹೆಸರು, ವಿಳಾಸ, ಅಂಚೆ ರಸೀದಿ ಸಂಖ್ಯೆ, ಸ್ವೀಕೃತಿ ಬಂದ ದಿನ. ನೂರ ಹನ್ನೆರಡು ಹೋಗಿದ್ದವು. ಕೊನೆಯ ಸಾಲಿನಲ್ಲಿದ್ದದ್ದು ಧನ್ಯಾಳ ಹೆಸರು, ಅವನದೇ ಮನೆಯ ವಿಳಾಸ. ಮೂವತ್ತೊಂದನೇ ಲಕೋಟೆಯ ಮೇಲೂ ಅದೇ.

ಠಾಣೆಯಲ್ಲಿ, 3.45.

“ನಿಮ್ಮ ಮಗಳದ್ದನ್ನೂ ಅಂಚೆಗೆ ಹಾಕಲು ಹೊರಟಿದ್ದಿರಾ? ಒಂದೇ ಮನೆಯಲ್ಲಿದ್ದೀರಿ. ಭಾನುವಾರವೇ ಕೈಯಲ್ಲಿ ಕೊಡಬಹುದಿತ್ತು.”

“ಕೈಯಲ್ಲಿ ಕೊಟ್ಟರೆ ದಾಖಲೆ ಎಲ್ಲಿರುತ್ತೆ? ಸರದಿ ಬಂದಾಗ ಕಳಿಸೋದು. ಇವತ್ತು ಹಾಕಿದ್ರೆ ನಾಳೆ ಬರ್ತಿತ್ತು, ಸೋಮವಾರಕ್ಕೆ ಸಾಕಿತ್ತು.”

“ಅವಳದ್ದು ಕೊನೆಗೆ ಯಾಕೆ?”

ಏಕನಾಥ ಕನ್ನಡಕ ತೆಗೆದು ಒರೆಸಿದ. “ಆ ಪುಸ್ತಿಕೆ ಹಂಚಿದವನು ನಾನು ಸಾರ್. ಮಗಳ ಫೋಟೋ ಬಂದಿದೆ ಅಂತ ಉಬ್ಬಿಹೋಗಿ ಐವತ್ತು ಪ್ರತಿ ತಂದೆ. ಕನ್ನಡ ಸಂಘದ ಸಭೆಯಲ್ಲಿ ಹಂಚಿದೆ, ಆಫೀಸಲ್ಲಿ ಹಂಚಿದೆ. ಸೀತಮ್ಮ ಬೇಡ ಅಂದ್ರೂ ನಾನೇ ಜಾಮೀನು ಹಾಕ್ತೀನಿ ಅಂದೆ. ಮೂವತ್ತೊಂದು ದಿನ ಆದ ಮೇಲೆ ಮಗಳು ಮನೇಲಿ ಕೂತಾಗ ಗೊತ್ತಾಯ್ತು. ಅಷ್ಟು ಹೊತ್ತಿಗೆ ಎಲ್ಲರೂ ಸೇರಿಬಿಟ್ಟಿದ್ರು. ಮೊದಲು ಅವರದ್ದು ಹೋಗಬೇಕು ತಾನೆ?”

“ದೂರು ಕೊಡಬಹುದಿತ್ತು.”

“ಏಳು ಅರ್ಜಿ ಕೊಟ್ಟೆ. ಏಳಕ್ಕೂ ಸ್ವೀಕೃತಿ ಇದೆ. ಉತ್ತರ ಒಂದಕ್ಕೂ ಇಲ್ಲ.”

“ಸ್ವೀಕೃತಿ ಕಾರ್ಡು ಅಂಟಿಸದಿದ್ದರೆ ನೀವು ಸಿಕ್ಕಿಬೀಳ್ತಾನೇ ಇರಲಿಲ್ಲ, ಗೊತ್ತೇ?”

ಏಕನಾಥ ಅವನನ್ನು ಪೆದ್ದನೊಬ್ಬನನ್ನು ನೋಡುವಂತೆ ನೋಡಿದ. “ತಲುಪಿದೆ ಅಂತ ಗೊತ್ತಾಗೋದು ಹೇಗೆ ಸಾರ್ ಮತ್ತೆ? ಮಕ್ಕಳ ಜೀವನ ಅದು.”

ಬಂಧನದ ಮೆಮೊ ಬರೆಯಲಾಯಿತು. ಅಕ್ಟೋಬರ್ 31ಕ್ಕೆ ಅವನ ನಿವೃತ್ತಿ. ಬರುವ ಗ್ರಾಚ್ಯುಟಿಯಲ್ಲಿ ಮಗಳ ಸಾಲ ತೀರಿಸುವ ಯೋಚನೆ ಇತ್ತು. ಕ್ರಿಮಿನಲ್ ಕೇಸು ಮುಗಿಯುವವರೆಗೆ ಅದು ಈಗ ಸಿಗುವುದಿಲ್ಲ. ಹೆಂಡತಿ ಲೀಲಮ್ಮ ಸಂಜೆ ಊಟದ ಡಬ್ಬಿ ತಂದಳು. ಜೊತೆಗೆ ಆ ದಿನ ವಾಪಸ್ ಬಂದ ಇಪ್ಪತ್ತಾರು ಹಳದಿ ಕಾರ್ಡುಗಳನ್ನೂ ತಂದಿದ್ದಳು. ಅವನ್ನೂ ಜಪ್ತಿ ಮಾಡಬೇಕಾಯಿತು.

ಜುಲೈ 8, ಶನಿವಾರ, ಬೆಳಿಗ್ಗೆ 11.30. ತೀಸ್ ಹಜಾರಿ ನ್ಯಾಯಾಲಯ. ಇಂದುಶೇಖರ ಎರಡು ಕಾಗದ ತಂದಿದ್ದ. ಒಂದು, ಸೀತಮ್ಮನ ದೂರಿನ ಮೇಲೆ ಟುಟೇಜಾನ ವಿರುದ್ಧ ಹಿಂದಿನ ದಿನ ದಾಖಲಿಸಿದ ವಂಚನೆಯ ಎಫ್‌ಐಆರ್ 326/06ರ ಪ್ರತಿ. ಇನ್ನೊಂದು, ಜಪ್ತಾದ ಅಂಕಪಟ್ಟಿಗಳನ್ನು ಸುಪರ್ದಿಗೆ, ಅಂದರೆ ವಿಚಾರಣೆ ಮುಗಿಯುವವರೆಗೆ ಮುಚ್ಚಳಿಕೆಯ ಮೇಲೆ ಹಕ್ಕುದಾರರ ವಶಕ್ಕೆ, ಕೊಡಬೇಕೆಂಬ ಅರ್ಜಿ. ಟುಟೇಜಾನ ವಕೀಲ ಎದ್ದು, ದೂರುದಾರರ ಅಲ್ಮೇರಾದ ವಸ್ತು ದೂರುದಾರರಿಗೇ ಬರಬೇಕು ಎಂದ.

ಮ್ಯಾಜಿಸ್ಟ್ರೇಟ್ ಒಂದು ಲಕೋಟೆ ತೆರೆಸಿ ನೋಡಿದರು. “ಇದರ ಮೇಲೆ ನಿಮ್ಮ ಕಕ್ಷಿದಾರರ ಹೆಸರೆಲ್ಲಿದೆ, ತೋರಿಸಿ.”

ವಕೀಲ ಕೂತ. ಮೂವತ್ತೊಂದನ್ನೂ ಅವುಗಳಲ್ಲಿ ಹೆಸರಿರುವವರ ಸುಪರ್ದಿಗೆ ಕೊಡಲು ಆದೇಶವಾಯಿತು. ಏಕನಾಥನಿಗೆ ಹತ್ತು ಸಾವಿರದ ಜಾಮೀನು, ಒಬ್ಬರ ಶ್ಯೂರಿಟಿ. ಯಾರಿದ್ದಾರೆ ಎಂದು ನ್ಯಾಯಾಲಯದ ಗುಮಾಸ್ತ ಕೂಗಿದ ಕೂಡಲೇ ಸೀತಮ್ಮ ಸಂಬಳದ ಚೀಟಿ ಹಿಡಿದು ಮುಂದೆ ಬಂದಳು. “ನಾನಿದ್ದೀನಿ,” ಎಂದಳು, ಕೋರ್ಟಿನಲ್ಲೂ ಕನ್ನಡದಲ್ಲೇ.

ಟುಟೇಜಾನಿಗೆ ಮುಂದಿನ ಬುಧವಾರ ನಿರೀಕ್ಷಣಾ ಜಾಮೀನು ಸಿಕ್ಕಿತು. ಅವನು ಒಂದು ಗಂಟೆಯೂ ಲಾಕಪ್ಪಿನಲ್ಲಿ ಕೂರಲಿಲ್ಲ. ಬೋರ್ಡಿನ ತೊಂಬತ್ತಾರು ಈ ವರ್ಷ ತೊಂಬತ್ತೇಳಾಗಿದೆ. ಓದುವವರಿಗೆ ಮೈ ಉರಿದರೆ ಉರಿಯಲಿ, ಬರೆಯುವಾಗಲೂ ಉರಿಯಿತು.

ಅದೇ ಶನಿವಾರ, ಜುಲೈ 8, ಸಂಜೆ 4.20. ಠಾಣೆ. ಏಕನಾಥ ತನ್ನ ಗಡಿಯಾರ ಮತ್ತು ಪೆನ್ನುಗಳನ್ನು ವಾಪಸ್ ಪಡೆದು ಬೆಂಚಿನ ಮೇಲೆ ಕೂತಿದ್ದ. ಕಾರ್ಖಾನೆಯಿಂದ ಅರ್ಧ ದಿನದ ಸಂಬಳ ಕಳೆದುಕೊಂಡು ಬಂದಿದ್ದ ಧನ್ಯಾಳ ಮುಂದೆ ರಾಮ್‌ಮೆಹರ್ ಸುಪರ್ದ್‌ನಾಮೆ ಇಟ್ಟ. ಅದು ಹಿಂದಿಯಲ್ಲಿತ್ತು, ಅವಳು ಗಟ್ಟಿಯಾಗಿ ಓದತೊಡಗಿದಳು. ಸರ್ಕಾರ ವಿರುದ್ಧ ಏಕನಾಥ. ಕಳವು ಮಾಲಾದ ಸದರಿ ಅಂಕಪಟ್ಟಿಗಳನ್ನು ಪಡೆದಿದ್ದೇನೆ. ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ನ್ಯಾಯಾಲಯ ಕರೆದಾಗಲೆಲ್ಲ ಇವನ್ನು ತಂದು ಹಾಜರುಪಡಿಸುತ್ತೇನೆ.

ಅವಳು ಪೆನ್ನು ಕೆಳಗಿಟ್ಟಳು.

“ಮೈಂ ನಹೀಂ ಕರೂಂಗಿ. ಅಪ್ಪನ ವಿರುದ್ಧ ನಾನೇ ತರ್ಬೇಕಾ ಇದನ್ನ? ನಂಗೆ ಕೆಲಸ ಬೇಡ.”

ಏಕನಾಥ ಎದ್ದು ಬಂದ. ಮಗಳ ಕೈಗೆ ತನ್ನದೇ ಪೆನ್ನು ಕೊಟ್ಟು, ಕಾಗದ ನೇರ ಮಾಡಿ, ಸಹಿ ಹಾಕುವ ಜಾಗದಲ್ಲಿ ಬೆರಳಿಟ್ಟ.

“ಕರೆದಾಗ ತಗೊಂಡು ಬಾ. ಜೊತೆಗೇ ಬರೋಣ. ಸೋಮವಾರ ಹತ್ತು ಗಂಟೆ, ಮರೀಬೇಡ. ಸೈನ್ ಮಾಡು.”

ಅವಳು ಅಳುತ್ತಲೇ ಸಹಿ ಮಾಡಿದಳು. ಅವನು ಬಗ್ಗಿ ನೋಡಿದ.

“ಕೆಳಗೆ ತಾರೀಖು ಹಾಕಮ್ಮ,” ಎಂದ.